ಅಣ್ಣತಮ್ಮಂದಿರನ್ನು ಒಟ್ಟು ಹಾಕಿ ಬರೆಯಬೇಡಿ

ಮಾನ್ಯ ಸಂಪಾದಕರಿಗೆ,

ವಂದನೆಗಳು. ಪ್ರತಿವರ್ಷ ಅಕ್ಟೋಬರ್ 8ರ ವಾಯುಪಡೆ ದಿನದ ಆಸುಪಾಸಿನಲ್ಲಿ ಕನ್ನಡ ಪತ್ರಿಕೆಗಳ ಪುರವಣಿಗಳಲ್ಲಿ ಎರಡನೆಯ ಮಹಾಯುದ್ಧದ ವೈಮಾನಿಕರ ಬಗ್ಗೆ ಒಂದೆರಡು ಬರಹಗಳು ಬರುತ್ತವೆ. ಅವುಗಳಲ್ಲಿ ಓದುಗರ ಮನಸ್ಸಿಗೆ ಬೇಗ ನಾಟುವುದು ಒಂದೇ ಮನೆಯ ಅಣ್ಣತಮ್ಮಂದಿರ ಕಥೆ. ‘ಒಬ್ಬ ತಾಯಿಯ ಮೂವರು ಮಕ್ಕಳೂ ಯುದ್ಧದಲ್ಲಿ ಮಡಿದರು’ ಎಂದು ಒಂದು ಸಾಲು ಬರೆದರೆ ಯಾರ ಕರುಳಾದರೂ ಚುರ್ ಎನ್ನುತ್ತದೆ. ಆದರೆ ಮೂವರನ್ನು ಒಂದು ಸಾಲಿಗೆ ಕಟ್ಟಿದ ಕೂಡಲೇ ತಪ್ಪುಗಳೂ ಒಳಗೆ ನುಸುಳುತ್ತವೆ. ಯಾರು ಯಾವ ದಿನ, ಯಾವ ವಿಮಾನದಲ್ಲಿ, ಯಾವ ಕೆಲಸಕ್ಕೆ ಹೋಗಿದ್ದರು ಎಂಬುದು ಮಾಯವಾಗಿ ಕೊನೆಗೆ ಮನೆತನದ ಹೆಸರು ಮಾತ್ರ ಉಳಿಯುತ್ತದೆ. ಆ ಹುಡುಗರು ಹುಟ್ಟಿದ್ದು ಒಂದೇ ಮನೆಯಲ್ಲಾದರೂ ಸತ್ತದ್ದು ಬೇರೆ ಬೇರೆ ಕಡೆ, ಬೇರೆ ಬೇರೆ ಕಾರಣಕ್ಕೆ. ಒಬ್ಬೊಬ್ಬರ ಲೆಕ್ಕವನ್ನೂ ಬಿಡಿಸಿ ಬರೆಯಬೇಕು ಎಂಬುದು ನಮ್ಮ ಕೋರಿಕೆ. ಹಾಗೆ ಬರೆಯುವುದು ಹೇಗೆ, ಎಲ್ಲಿ ಕಾಲು ಜಾರುತ್ತದೆ ಎಂಬುದನ್ನು ನಮಗೆ ಚೆನ್ನಾಗಿ ಗೊತ್ತಿರುವ ಕೆಲವು ಮನೆಗಳ ಉದಾಹರಣೆಯಿಂದಲೇ ಹೇಳುತ್ತೇವೆ. ಪತ್ರ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ಹೆಚ್ಚು ಸಲ ಕಾಣಿಸಿಕೊಳ್ಳುವುದು ಸ್ಕಾಟ್ಲೆಂಡಿನ ಮ್ಯಾಕ್‌ರಾಬರ್ಟ್ ಮನೆತನ. ಅದಕ್ಕೂ ನಮ್ಮ ದೇಶಕ್ಕೂ ನೇರ ನಂಟಿದೆ. ತಂದೆ ಅಲೆಕ್ಸಾಂಡರ್ ಅಬರ್ಡೀನ್‌ನವರು. 1884ರಲ್ಲಿ ಕಾನ್ಪುರಕ್ಕೆ ಬಂದು ಉಣ್ಣೆ ಗಿರಣಿಯ ಆಡಳಿತ ವಹಿಸಿಕೊಂಡರು. ‘ಲಾಲ್ ಇಮ್ಲಿ’ ಎಂಬ ಹೆಸರಿನಿಂದ ಕಂಬಳಿ, ಶಾಲುಗಳು ಮನೆಮಾತಾದದ್ದು ಆ ಗಿರಣಿಯಿಂದ. 1920ರಲ್ಲಿ ಹಲವು ಗಿರಣಿಗಳನ್ನು ಸೇರಿಸಿ ಬ್ರಿಟಿಷ್ ಇಂಡಿಯಾ ಕಾರ್ಪೊರೇಶನ್ ಕಟ್ಟಿದರು. 1922ರಲ್ಲಿ ಬ್ಯಾರೊನೆಟ್ ಪದವಿ ಬಂತು, ಅದೇ ವರ್ಷ ತೀರಿಕೊಂಡರು. ತಾಯಿ ರೇಚಲ್ ವರ್ಕ್‌ಮನ್ ಅಮೆರಿಕದಲ್ಲಿ ಹುಟ್ಟಿದ ಭೂವಿಜ್ಞಾನಿ. ರೇಚಲ್ ಅವರ ತಾಯಿ ಫ್ಯಾನಿ ಬುಲಕ್ ವರ್ಕ್‌ಮನ್ ಹಿಮಾಲಯದ ಹಿಮನದಿಗಳನ್ನು, ಶಿಖರಗಳನ್ನು ಹತ್ತಿ ಹೆಸರಾದವರು. ಮಕ್ಕಳು ಮೂವರು: ಅಲಸ್ಟೇರ್ (1912), ರೋಡೆರಿಕ್ (1915), ಇಯಾನ್ (1917). ಇಲ್ಲೇ ಒಂದು ಎಚ್ಚರಿಕೆ. ಕಾನ್ಪುರದ ಹಳೆಯ ದಾಖಲೆಗಳಲ್ಲಿ ಈ ಹೆಸರು ‘ಮೆಕ್‌ರಾಬರ್ಟ್’ ಎಂಬ ಕಾಗುಣಿತದಲ್ಲೂ ಸಿಗುತ್ತದೆ. ಒಂದೇ ಕಾಗುಣಿತ ಹಿಡಿದು ಹುಡುಕಿದವರಿಗೆ ಅರ್ಧ ಇತಿಹಾಸ ತಪ್ಪಿಹೋಗುತ್ತದೆ.

ಮೂವರ ಹೆಸರಿನ ಹಿಂದೆಯೂ ‘ಸರ್’ ಇದೆ. ಅದು ಶೌರ್ಯಕ್ಕೆ ಸಿಕ್ಕ ಬಿರುದೆಂದು ಬರೆಯುವವರಿದ್ದಾರೆ. ಬ್ಯಾರೊನೆಟ್ ಎಂಬುದು ವಂಶಪಾರಂಪರ್ಯದ ಪದವಿ, ತಂದೆಯಿಂದ ಹಿರಿಯ ಮಗನಿಗೆ, ಅವನಿಗೆ ಗಂಡುಮಕ್ಕಳಿಲ್ಲದಿದ್ದರೆ ತಮ್ಮನಿಗೆ ಇಳಿಯುತ್ತದೆ. ಈ ಮನೆಯಲ್ಲಿ ಅದು ಅಣ್ಣನಿಂದ ತಮ್ಮನಿಗೆ, ಅವನಿಂದ ಇನ್ನೂ ಚಿಕ್ಕ ತಮ್ಮನಿಗೆ ಇಳಿದು ಅಲ್ಲಿಗೆ ಮುಗಿಯಿತು. ಕೊನೆಯ ಮಗ ಇಯಾನ್ ಅವರ ಬಳಿ ಅದು ಇದ್ದದ್ದು 39 ದಿನ.

ಈಗ ಒಬ್ಬೊಬ್ಬರಾಗಿ ನೋಡೋಣ. ಹಿರಿಯರಾದ ಅಲಸ್ಟೇರ್ ಸತ್ತದ್ದು 1938ರ ಜೂನ್ 1ರಂದು, ಇಂಗ್ಲೆಂಡಿನ ಲೂಟನ್ ಹತ್ತಿರ ನಡೆದ ವಿಮಾನ ಅಪಘಾತದಲ್ಲಿ. ಬ್ರಿಟನ್ ಯುದ್ಧ ಘೋಷಿಸಿದ್ದು 1939ರ ಸೆಪ್ಟೆಂಬರ್ 3ಕ್ಕೆ. ಎಂದರೆ ಅದಕ್ಕೂ 15 ತಿಂಗಳು ಮುಂಚೆ, ಶಾಂತಿಕಾಲದಲ್ಲಿ ನಡೆದ ಸಾವು ಅದು. ‘ಮೂವರೂ ಯುದ್ಧದಲ್ಲಿ ಮಡಿದರು’ ಎಂಬ ಸಾಲು ಇಲ್ಲಿಗೇ ಬಿದ್ದುಹೋಯಿತು. ಯುದ್ಧದಲ್ಲಿ ಹೋದವರು ಇಬ್ಬರು. ಇದರಿಂದ ತಾಯಿಯ ನೋವು ಒಂದು ಎಳ್ಳಿನಷ್ಟೂ ಕಡಿಮೆಯಾಗುವುದಿಲ್ಲ. ಒಬ್ಬ ಮಗನನ್ನು ವಿಮಾನಕ್ಕೆ ಕಳೆದುಕೊಂಡ ಮೇಲೂ ಉಳಿದಿಬ್ಬರು ಹಾರುವುದನ್ನು ಆ ತಾಯಿ ಕಂಡರು ಎಂಬುದು ಸರಿಯಾದ ತಾರೀಖು ಬರೆದಾಗ ಮಾತ್ರ ಗೊತ್ತಾಗುತ್ತದೆ.

ನಡುವಿನವರಾದ ರೋಡೆರಿಕ್ ಫ್ಲೈಟ್ ಲೆಫ್ಟಿನೆಂಟ್, 94ನೇ ಸ್ಕ್ವಾಡ್ರನ್‌ನಲ್ಲಿ (ವಾಯುಪಡೆಯ ವಿಮಾನ ತುಕಡಿ) ಹರಿಕೇನ್ ಯುದ್ಧವಿಮಾನದ ಪೈಲಟ್. 1941ರ ಮೇ 22ರಂದು ಇರಾಕಿನ ಮೊಸುಲ್ ವಿಮಾನನೆಲೆಯ ಮೇಲೆ ದಾಳಿ ಮಾಡುತ್ತಾ ಸತ್ತರು. ಮೊಸುಲ್ ಏಕೆ ಎಂದು ಕೇಳುವ ಓದುಗರಿಗೆ ಎರಡು ಮಾತು ಬೇಕು. ಆ ಏಪ್ರಿಲ್‌ನಲ್ಲಿ ಬಾಗ್ದಾದಿನಲ್ಲಿ ಬ್ರಿಟಿಷರ ವಿರೋಧಿ ರಶೀದ್ ಅಲಿ ಅಧಿಕಾರ ಹಿಡಿದಿದ್ದರು. ಬ್ರಿಟಿಷರ ಹಬ್ಬಾನಿಯಾ ವಾಯುನೆಲೆಗೆ ಮುತ್ತಿಗೆ ಬಿದ್ದಿತ್ತು. ಬಸ್ರಾದಲ್ಲಿ ಇಳಿದದ್ದು ಭಾರತೀಯ ಸೇನೆಯ ತುಕಡಿಗಳು. ಜರ್ಮನರು ರಶೀದ್ ಅಲಿಯ ನೆರವಿಗೆ ಕಳಿಸಿದ ವಿಮಾನಗಳು ಮೊಸುಲ್‌ನಲ್ಲಿ ಬೀಡುಬಿಟ್ಟಿದ್ದವು. ಹಬ್ಬಾನಿಯಾದಿಂದ ಮೊಸುಲ್‌ಗೆ ನೇರ ದಾರಿಯಲ್ಲೇ 320 ಕಿಲೋಮೀಟರಿಗೂ ಹೆಚ್ಚು. ಹರಿಕೇನ್‌ಗೆ ಅಲ್ಲಿಗೆ ಹೋಗಿಬರುವುದು ಸಾಧ್ಯ, ಆದರೆ ಗುರಿಯ ಮೇಲೆ ಹೆಚ್ಚು ಹೊತ್ತು ಸುತ್ತಾಡುವಷ್ಟು ಇಂಧನ ಉಳಿಯದು.

ಕೆಳಮಟ್ಟದಲ್ಲಿ ಹಾರಿ ವಿಮಾನನೆಲೆಗೆ ಗುಂಡು ಹಾರಿಸುವುದು ಆ ಕಾಲದ ಪೈಲಟ್‌ಗಳಿಗೆ ಏಕೆ ಅಷ್ಟು ದುಬಾರಿಯಾಗುತ್ತಿತ್ತು ಎಂಬುದನ್ನೂ ಬರೆಯಬೇಕು. ಆರಂಭದ ಹರಿಕೇನ್‌ನ ರೆಕ್ಕೆಗಳಲ್ಲಿ ಎಂಟು ಬ್ರೌನಿಂಗ್ ಬಂದೂಕುಗಳು. ಗುಂಡುಗಳೆಲ್ಲ ಸುಮಾರು 15 ಸೆಕೆಂಡಿಗೆ ಖಾಲಿ. ಒಂದೊಂದು ಸಲಕ್ಕೆ ಎರಡು ಮೂರು ಸೆಕೆಂಡಿನಂತೆ ಹಾರಿಸಿದರೆ ಐದಾರು ಸಲಕ್ಕೆ ಮುಗಿಯಿತು. ಮೊದಲ ಸಲ ಮೇಲಿಂದ ಎರಗಿದಾಗ ಕೆಳಗಿನವರು ಬೆಚ್ಚಿಬೀಳುತ್ತಾರೆ. ಎರಡನೆಯ ಸಲ ತಿರುಗಿ ಬರುವಷ್ಟರಲ್ಲಿ ನೆಲದ ಫಿರಂಗಿಗಳು ಸಜ್ಜಾಗಿರುತ್ತವೆ, ವಿಮಾನ ಯಾವ ದಿಕ್ಕಿನಿಂದ ಬರುತ್ತದೆ ಎಂಬುದೂ ತಿಳಿದಿರುತ್ತದೆ. ಹರಿಕೇನ್‌ನ ಮರ್ಲಿನ್ ಎಂಜಿನ್ನನ್ನು ತಂಪಾಗಿಡುವುದು ದ್ರವ. ಹೊಟ್ಟೆಯಡಿ ತೂಗುವ ರೇಡಿಯೇಟರಿಗೆ ಒಂದೇ ಗುಂಡು ಬಿದ್ದರೂ ಸಾಕು, ದ್ರವ ಸೋರಿ ಕೆಲವೇ ನಿಮಿಷದಲ್ಲಿ ಎಂಜಿನ್ ಕಚ್ಚಿಕೊಳ್ಳುತ್ತದೆ. ಪ್ಯಾರಾಚೂಟ್ ಬಿಚ್ಚಿಕೊಳ್ಳಲು ಕೆಲವು ನೂರು ಅಡಿ ಎತ್ತರವಾದರೂ ಬೇಕು. ನೆಲಕ್ಕೆ ಅಂಟಿಕೊಂಡು ಹಾರುವವನಿಗೆ ಆ ಎತ್ತರ ಇರುವುದೇ ಇಲ್ಲ.

ಕಿರಿಯರಾದ ಇಯಾನ್ ಪೈಲಟ್ ಆಫೀಸರ್, ಬ್ರಿಟಿಷ್ ವಾಯುಪಡೆಯಲ್ಲಿ ಸಮುದ್ರದ ಮೇಲಿನ ಕೆಲಸ ನೋಡಿಕೊಳ್ಳುವ ಕೋಸ್ಟಲ್ ಕಮಾಂಡ್‌ನವರು. 1941ರ ಜೂನ್ 30ರಂದು ಶೆಟ್ಲೆಂಡ್ ದ್ವೀಪದ ಸಲ್ಲಮ್ ವೋದಿಂದ ಬ್ಲೆನ್‌ಹೀಮ್ ವಿಮಾನದಲ್ಲಿ ಹೊರಟರು. ಸಮುದ್ರಕ್ಕೆ ಬಿದ್ದ ಒಂದು ಬಾಂಬರ್‌ನ ಸಿಬ್ಬಂದಿಯನ್ನು ಹುಡುಕುವ ಕೆಲಸ ಅದು. ವಿಮಾನ ಮರಳಲಿಲ್ಲ. ಅಣ್ಣ ಶತ್ರುವಿನ ಮೇಲೆ ಎರಗುತ್ತಾ ಸತ್ತರೆ, ತಮ್ಮ ಯಾರದೋ ಜೀವ ಉಳಿಸಲು ಹೊರಟು ಕಾಣೆಯಾದರು. ಇಬ್ಬರನ್ನೂ ‘ವೀರಮರಣ’ ಎಂಬ ಒಂದೇ ಪದಕ್ಕೆ ಸೇರಿಸಿದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತದೆ. ಸಮುದ್ರದ ಮೇಲಿನ ಹುಡುಕಾಟ ಸುಲಭದ ಕೆಲಸವಾಗಿರಲಿಲ್ಲ. ಕೆಳಗೆ ಗುರುತು ಹಿಡಿಯಲು ಊರಿಲ್ಲ, ರೈಲುಹಳಿಯಿಲ್ಲ. ದಿಕ್ಸೂಚಿ, ವೇಗ, ಗಡಿಯಾರ, ಗಾಳಿಯ ಅಂದಾಜು ಈ ನಾಲ್ಕರಿಂದಲೇ ನಕ್ಷೆಯ ಮೇಲೆ ಗೆರೆ ಎಳೆಯಬೇಕು. ಗಾಳಿಯ ಅಂದಾಜು 20 ನಾಟ್ ತಪ್ಪಿದರೆ ಒಂದು ಗಂಟೆಯಲ್ಲಿ ವಿಮಾನ 20 ನಾಟಿಕಲ್ ಮೈಲಿ ಪಕ್ಕಕ್ಕೆ ಸರಿದಿರುತ್ತದೆ. ಹುಡುಕಬೇಕಾದದ್ದು ಅಲೆಗಳ ನಡುವೆ ತೇಲುವ ಒಂದು ರಬ್ಬರ್ ದೋಣಿ. ಅದು ಕಾಣಬೇಕಾದರೆ ಕೆಳಗೆ, ನಿಧಾನವಾಗಿ, ಹತ್ತಿರ ಹತ್ತಿರದ ಸಾಲುಗಳಲ್ಲಿ ಹಾರಬೇಕು. ಅಲ್ಲಿ ಎಂಜಿನ್ ಕೈಕೊಟ್ಟರೆ ಸಾವರಿಸಿಕೊಳ್ಳಲು ಸಮಯ ಸಿಗದು.

ಅದಾದ ಮೇಲೆ ತಾಯಿ ಮಾಡಿದ್ದು ಎಲ್ಲರೂ ಬರೆಯುವ ವಿಷಯ, ಆದರೆ ಅಲ್ಲೂ ಲೆಕ್ಕ ಕಲಸಿಹೋಗುತ್ತದೆ. ಲೇಡಿ ಮ್ಯಾಕ್‌ರಾಬರ್ಟ್ ವಾಯುಖಾತೆಯ ಮಂತ್ರಿ ಸರ್ ಆರ್ಚಿಬಾಲ್ಡ್ ಸಿಂಕ್ಲೇರ್ ಅವರಿಗೆ ಪತ್ರ ಬರೆದು 25,000 ಪೌಂಡ್ ಕೊಟ್ಟರು. ಅದರಿಂದ ಬಂದದ್ದು ಒಂದು ಬಾಂಬರ್, ಶಾರ್ಟ್ ಸ್ಟರ್ಲಿಂಗ್. ಅದಕ್ಕೆ ‘ಮ್ಯಾಕ್‌ರಾಬರ್ಟ್ಸ್ ರಿಪ್ಲೈ’ ಎಂದು ಹೆಸರು, ಮೂತಿಯ ಪಕ್ಕದಲ್ಲಿ ಮನೆತನದ ಲಾಂಛನ. 1941ರ ಅಕ್ಟೋಬರ್ 10ರಂದು ವೈಟನ್ ನೆಲೆಯಲ್ಲಿ 15ನೇ ಸ್ಕ್ವಾಡ್ರನ್ನಿಗೆ ಹಸ್ತಾಂತರವಾಯಿತು. ಮರುವರ್ಷ ಬೇರೆಯಾಗಿ 20,000 ಪೌಂಡ್ ಕೊಟ್ಟು ನಾಲ್ಕು ಹರಿಕೇನ್‌ಗಳನ್ನು ನೀಡಿದರು. ಅವುಗಳಲ್ಲಿ ಮೂರಕ್ಕೆ ಮೂವರು ಮಕ್ಕಳ ಹೆಸರು, ನಾಲ್ಕನೆಯದು ರಷ್ಯಾಕ್ಕೆ ಸಲ್ಲಿಸಿದ ವಂದನೆಯ ಹೆಸರು. ಅವು ಹೋದದ್ದು ರೋಡೆರಿಕ್ ಇದ್ದ 94ನೇ ಸ್ಕ್ವಾಡ್ರನ್ನಿಗೇ. ಎರಡು ದಾನಗಳನ್ನೂ ಸೇರಿಸಿ ‘ಮೂರು ಮಕ್ಕಳಿಗೆ ಮೂರು ಬಾಂಬರ್’ ಎಂದು ಬರೆಯುವುದು ತಪ್ಪು. ಬಾಂಬರ್ ಒಂದು, ಫೈಟರ್ ನಾಲ್ಕು.

‘ಆ ವಿಮಾನ ಯುದ್ಧದ ಕೊನೆಯವರೆಗೂ ಹಾರಿತು’ ಎಂಬ ಮಾತೂ ನಿಲ್ಲುವುದಿಲ್ಲ. ಮೊದಲ ವಿಮಾನದ ಕ್ರಮಸಂಖ್ಯೆ ಎನ್6086. ಅದು 1942ರ ಫೆಬ್ರವರಿಯಲ್ಲಿ ಸ್ಕಾಟ್ಲೆಂಡಿನ ಪೀಟರ್‌ಹೆಡ್‌ನಲ್ಲಿ ಅಪಘಾತಕ್ಕೀಡಾಯಿತು. ಹೆಸರನ್ನು ಇನ್ನೊಂದು ಸ್ಟರ್ಲಿಂಗ್‌ಗೆ, ಡಬ್ಲ್ಯು7531ಕ್ಕೆ ಬರೆದರು. ಆ ಎರಡನೆಯದು 1942ರ ಮೇ 17/18ರ ರಾತ್ರಿ ಡೆನ್ಮಾರ್ಕಿನ ಮಿಡ್ಡೆಲ್‌ಫಾರ್ಟ್ ಬಳಿ ಬಿತ್ತು. ಬದುಕುಳಿದವರು ಒಬ್ಬರೇ. ಹೆಸರು ಒಂದೇ ಆದ್ದರಿಂದ ಎರಡು ವಿಮಾನ, ಎರಡು ಸಿಬ್ಬಂದಿ ತಂಡಗಳನ್ನು ಒಂದೇ ಎಂದುಕೊಂಡು ಬರೆದ ಬರಹಗಳು ಇಂದಿಗೂ ಬರುತ್ತಲೇ ಇವೆ.

ಸ್ಟರ್ಲಿಂಗ್ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ‘ಬೃಹತ್ ಬಾಂಬರ್’ ಎಂದಷ್ಟೇ ಬರೆದರೆ ಅದನ್ನು ಹಾರಿಸಿದವರ ಪಾಡು ತಿಳಿಯುವುದಿಲ್ಲ. ನಾಲ್ಕು ಹರ್ಕ್ಯುಲೀಸ್ ಎಂಜಿನ್, ಏಳೆಂಟು ಜನ ಸಿಬ್ಬಂದಿ. ರೆಕ್ಕೆಯ ಅಗಲ 99 ಅಡಿ 1 ಅಂಗುಲ, ಹೊರುವ ಭಾರಕ್ಕೆ ಹೋಲಿಸಿದರೆ ದಪ್ಪ, ಗಿಡ್ಡ ರೆಕ್ಕೆ. ಅದರಿಂದ ಕೆಳಮಟ್ಟದಲ್ಲಿ ವಿಮಾನ ಚುರುಕಾಗಿ ತಿರುಗುತ್ತಿತ್ತು, ಆದರೆ ತುಂಬಿದ ಭಾರದಲ್ಲಿ 17,000 ಅಡಿಗಿಂತ ಮೇಲೇರಲು ಒದ್ದಾಡುತ್ತಿತ್ತು. ಜೊತೆಯ ಲಂಕಾಸ್ಟರ್ ಬಾಂಬರ್‌ಗಳು ಇನ್ನೂ ಸಾವಿರಾರು ಅಡಿ ಮೇಲೆ ಹೋಗುತ್ತಿದ್ದಾಗ ಶತ್ರುವಿನ ಫಿರಂಗಿಗಳಿಗೆ ಸ್ಟರ್ಲಿಂಗ್ ಹತ್ತಿರದ ಗುರಿ. ರನ್‌ವೇಯಿಂದ ಬೇಗ ಏಳಲೆಂದು ವಿಮಾನದ ಮೂತಿಯನ್ನು ಎತ್ತಿ ನಿಲ್ಲಿಸಲು ಚಕ್ರದ ಕಾಲುಗಳನ್ನು ತುಂಬಾ ಉದ್ದ ಮಾಡಿದ್ದರು. ಪೈಲಟ್ ಕೂರುವ ಜಾಗ ನೆಲದಿಂದ 20 ಅಡಿಗೂ ಎತ್ತರ. ಆ ಉದ್ದ ಕಾಲುಗಳು ಪಕ್ಕದ ಎಳೆತ ತಾಳುತ್ತಿರಲಿಲ್ಲ. ಓಡುವಾಗ ವಿಮಾನ ಒಂದು ಬದಿಗೆ ತಿರುಗಲು ಎಳೆಯುತ್ತಿತ್ತು. ಒಂದು ಬದಿಯ ಎಂಜಿನ್‌ಗಳಿಗೆ ಸ್ವಲ್ಪ ಮುಂಚೆ ಶಕ್ತಿ ಕೊಟ್ಟು ಅದನ್ನು ನೇರ ಹಿಡಿಯಬೇಕು. ಕೈ ತಪ್ಪಿದರೆ ಕಾಲು ಮುರಿದು ಹೊಟ್ಟೆಯ ಮೇಲೆ ಕೂರುತ್ತಿತ್ತು. 1939ರ ಮೇ 14ರಂದು ಮೊದಲ ಹಾರಾಟ ಮುಗಿಸಿ ಇಳಿದ ಮಾದರಿ ವಿಮಾನಕ್ಕೇ ಆದದ್ದು ಇದು.

ಬಾಂಬ್ ಖಾನೆ ಉದ್ದುದ್ದಕ್ಕೆ ಕಿರಿದಾದ ಭಾಗಗಳಾಗಿ ಒಡೆದಿತ್ತು. ಒಟ್ಟು 14,000 ಪೌಂಡ್ ಹೊರಬಲ್ಲ ವಿಮಾನದಲ್ಲಿ 2,000 ಪೌಂಡಿಗಿಂತ ದೊಡ್ಡ ಬಾಂಬ್ ಹಿಡಿಸುತ್ತಿರಲಿಲ್ಲ. 14,000 ಪೌಂಡ್ ಎಂಬುದೂ ಹತ್ತಿರದ ಗುರಿಗೆ ಮಾತ್ರ. ದೂರ ಹೋಗಬೇಕಾದರೆ ಬಾಂಬ್ ಕಡಿಮೆ ಮಾಡಿ ಇಂಧನ ತುಂಬಬೇಕು. ಸಾಮರ್ಥ್ಯದ ಪಟ್ಟಿಯಿಂದ ಗರಿಷ್ಠ ವೇಗ, ಗರಿಷ್ಠ ದೂರ, ಗರಿಷ್ಠ ಭಾರ ಮೂರನ್ನೂ ಎತ್ತಿ ಒಂದೇ ವಾಕ್ಯದಲ್ಲಿ ಇಡುವುದು ನಮ್ಮ ಬರಹಗಳಲ್ಲಿ ಮಾಮೂಲಾಗಿಬಿಟ್ಟಿದೆ. ಮೂರೂ ಒಂದೇ ಹಾರಾಟದಲ್ಲಿ ಯಾವ ವಿಮಾನಕ್ಕೂ ದಕ್ಕುವುದಿಲ್ಲ. ಎರಡನೆಯ ‘ರಿಪ್ಲೈ’ ಬಿದ್ದ ರಾತ್ರಿ ಅದರ ಕೆಲಸ ಸಮುದ್ರದಲ್ಲಿ ಮೈನ್, ಎಂದರೆ ಹಡಗು ಒಡೆಯುವ ಸ್ಫೋಟಕ, ಬಿಡುವುದು. ಸುಮಾರು 1,500 ಪೌಂಡ್ ತೂಗುವ ಆ ಮೈನ್‌ಗಳನ್ನು ಪ್ಯಾರಾಚೂಟ್ ಕಟ್ಟಿ, ಆಗಿನ ಪದ್ಧತಿಯಂತೆ ತೀರಾ ಕೆಳಗಿನಿಂದ, ನೇರ ಹಾದಿಯಲ್ಲಿ ಅಲುಗಾಡದೆ ಹಾರುತ್ತಾ ಬಿಡಬೇಕಿತ್ತು. ಎತ್ತರದಿಂದ ಬಿಟ್ಟರೆ ಗಾಳಿಗೆ ತೇಲಿ ಎಲ್ಲೋ ಬೀಳುತ್ತಿದ್ದವು. ಡೆನ್ಮಾರ್ಕಿನ ಇಕ್ಕಟ್ಟಾದ ಜಲಸಂಧಿಗಳಲ್ಲಿ ಎರಡೂ ದಡದಲ್ಲಿ ಫಿರಂಗಿ, ನೀರಿನಲ್ಲಿ ಫಿರಂಗಿ ಹೊತ್ತ ಹಡಗು. ‘ಬರೀ ಮೈನ್ ಬಿಡಲು ಹೋಗಿದ್ದರು’ ಎಂದು ಹಗುರವಾಗಿ ಬರೆಯುವವರು ಇದನ್ನು ಗಮನಿಸಬೇಕು.

ದಾನದ ವಿಮಾನಗಳ ಮಾತು ಬಂದದ್ದರಿಂದ ಮೈಸೂರಿನ ವಿಷಯ ಹೇಳದಿದ್ದರೆ ತಪ್ಪಾದೀತು. ಅದೇ 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್‌ಗಳೊಂದಿಗೆ ಹುಟ್ಟಿಕೊಂಡ 129ನೇ ಸ್ಕ್ವಾಡ್ರನ್ನಿಗೆ ‘ಮೈಸೂರು’ ಎಂಬ ಹೆಸರಿದೆ. ಲಾಂಛನದಲ್ಲಿ ನಮ್ಮ ಗಂಡಭೇರುಂಡವೇ ಇದೆ. ಹೈದರಾಬಾದಿನ ಹೆಸರಿನ 152, ಬರೋಡದ 124, ಮದ್ರಾಸ್ ಪ್ರಾಂತ್ಯದ 234 ಕೂಡ ಇದೇ ಬಗೆಯವು. ಇದನ್ನು ಓದಿ ಮೈಸೂರಿನ ಹುಡುಗರು ಅಣ್ಣತಮ್ಮಂದಿರಾಗಿ ಆ ಸ್ಕ್ವಾಡ್ರನ್‌ನಲ್ಲಿ ಹಾರಿದರು ಎಂದು ಕಲ್ಪಿಸಿಕೊಳ್ಳಬಾರದು. ಹೆಸರು ಬಂದದ್ದು ಕೊಟ್ಟ ಹಣಕ್ಕೆ. ಪೈಲಟ್‌ಗಳನ್ನು ವಾಯುಪಡೆ ತನಗೆ ಬೇಕಾದ ಕಡೆಯಿಂದ ಹಾಕುತ್ತಿತ್ತು. ಒಂದು ಸ್ಪಿಟ್‌ಫೈರ್‌ಗೆ 5,000 ಪೌಂಡ್ ಎಂಬುದು ದಾನಿಗಳಿಗೆಂದು ಗೊತ್ತುಮಾಡಿದ ದುಂಡು ಮೊತ್ತ, ನಿಜವಾದ ತಯಾರಿಕಾ ವೆಚ್ಚ ಅದಕ್ಕಿಂತ ಹೆಚ್ಚು. ಆ ಮೊತ್ತವನ್ನೇ ವಿಮಾನದ ಬೆಲೆಯೆಂದು ತೆಗೆದುಕೊಂಡು ಇಂದಿನ ರೂಪಾಯಿಗೆ ಪರಿವರ್ತಿಸುವ ಲೆಕ್ಕಗಳಿಗೆ ಅರ್ಥವಿಲ್ಲ.

ಇನ್ನೊಂದು ಮನೆ ಐರ್ಲೆಂಡಿನ ಗಾರ್ಲೆಂಡ್ ಅವರದು. ನಾಲ್ವರು ಅಣ್ಣತಮ್ಮಂದಿರೂ ರಾಯಲ್ ಏರ್‌ಫೋರ್ಸ್ ಸೇರಿದರು, ನಾಲ್ವರೂ ಯುದ್ಧದ ವರ್ಷಗಳಲ್ಲೇ ಹೋದರು: ಡೊನಾಲ್ಡ್ 1940ರಲ್ಲಿ, ಡೆಸ್ಮಂಡ್ 1942ರಲ್ಲಿ, ಜಾನ್ 1943ರಲ್ಲಿ, ಪ್ಯಾಟ್ರಿಕ್ 1945ರ ಜನವರಿ 1ರಂದು. ಎಲ್ಲರೂ ಬರೆಯುವುದು ಡೊನಾಲ್ಡ್ ಬಗ್ಗೆ, ಏಕೆಂದರೆ ಅವರಿಗೆ ಬ್ರಿಟನ್ನಿನ ಅತ್ಯುನ್ನತ ಶೌರ್ಯಪದಕ ವಿಕ್ಟೋರಿಯಾ ಕ್ರಾಸ್ ಬಂತು. 1940ರ ಮೇ 12ರಂದು ಬೆಲ್ಜಿಯಂನ ಆಲ್ಬರ್ಟ್ ಕಾಲುವೆಯ ಸೇತುವೆಗಳ ಮೇಲೆ 12ನೇ ಸ್ಕ್ವಾಡ್ರನ್‌ನ ಐದು ಫೇರಿ ಬ್ಯಾಟಲ್ ವಿಮಾನಗಳು ದಾಳಿ ಮಾಡಿದವು. ಜರ್ಮನರು ಆ ಸೇತುವೆಗಳನ್ನು ಹಿಡಿದು ಎರಡು ದಿನವಾಗಿತ್ತು, ಸುತ್ತ ಫಿರಂಗಿ ನೆಡಲು ಅಷ್ಟು ಸಮಯ ಸಾಕಾಗಿತ್ತು. ಬ್ಯಾಟಲ್‌ಗೆ ಮೂವರು ಸಿಬ್ಬಂದಿ, ಒಂದೇ ಎಂಜಿನ್, 250 ಪೌಂಡಿನ ನಾಲ್ಕು ಬಾಂಬ್, ರಕ್ಷಣೆಗೆ ಹಿಂದೆ ಒಂದು, ಮುಂದೆ ಒಂದು ಬಂದೂಕು. ಯುದ್ಧವಿಮಾನದ ಎಂಜಿನ್ನನ್ನೇ ಹಾಕಿ ಮೂರಾಳು ಮತ್ತು ಬಾಂಬಿನ ಭಾರ ಹೊರಿಸಿದ್ದರಿಂದ ವೇಗ ಸತ್ತಿತ್ತು. ಐದರಲ್ಲಿ ಒಂದೂ ನೆಟ್ಟಗೆ ನೆಲೆಗೆ ಮರಳಲಿಲ್ಲ.

ಡೊನಾಲ್ಡ್ ಜೊತೆ ಆ ವಿಮಾನದಲ್ಲಿ ಸಾರ್ಜೆಂಟ್ ಥಾಮಸ್ ಗ್ರೇ, ಲೀಡಿಂಗ್ ಏರ್‌ಕ್ರಾಫ್ಟ್‌ಮನ್ ಲಾರೆನ್ಸ್ ರೆನಾಲ್ಡ್ಸ್ ಇದ್ದರು. ಗಾರ್ಲೆಂಡ್, ಗ್ರೇ ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್. ಹಿಂದಿನ ಬಂದೂಕು ಹಿಡಿದಿದ್ದ ರೆನಾಲ್ಡ್ಸ್‌ಗೆ ಏನೂ ಇಲ್ಲ. ಅದೇ ವಿಮಾನ, ಅದೇ ಸೇತುವೆ, ಅದೇ ಸಾವು. ಅದು ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಅಣ್ಣತಮ್ಮಂದಿರ ಕಥೆ ಬರೆಯುವ ಉತ್ಸಾಹದಲ್ಲಿ ಜೊತೆಗೆ ಸತ್ತ ಸಿಬ್ಬಂದಿಯ ಹೆಸರು ಬಿಡುವುದು ಅದೇ ಅನ್ಯಾಯವನ್ನು ಮತ್ತೊಮ್ಮೆ ಮಾಡಿದಂತೆ. ಬಾಂಬರ್ ಬಗ್ಗೆ ಬರೆಯುವಾಗ ಪೈಲಟ್ ಒಬ್ಬನ ಹೆಸರಿನಲ್ಲಿ ನಿಲ್ಲಿಸಬೇಡಿ.

ನಮ್ಮ ದೇಶದ ಎಂಜಿನಿಯರ್ ಸಹೋದರರ ಕಥೆ ಇವೆರಡಕ್ಕಿಂತ ಬೇರೆ, ಓದಲು ಸಂತೋಷ ಕೊಡುವಂಥದ್ದು. ಅಸ್ಪಿ, ಮಿನೂ, ಜಹಾಂಗೀರ್, ರೋನಿ ನಾಲ್ವರೂ ಭಾರತೀಯ ವಾಯುಪಡೆಯಲ್ಲಿದ್ದರು. ಎಂಜಿನಿಯರ್ ಎಂಬುದು ಪಾರ್ಸಿ ಮನೆತನದ ಹೆಸರು. ‘ಅಸ್ಪಿ ಎಂಬ ಎಂಜಿನಿಯರ್’ ಎಂದೋ ‘ಅಭಿಯಂತರ ಮಿನೂ’ ಎಂದೋ ಅನುವಾದಿಸಿದರೆ ಅರ್ಥವೇ ಕೆಡುತ್ತದೆ. ತಂದೆಯ ಹೆಸರು ಮೆರ್ವಾನ್ ಆದ್ದರಿಂದ ಇನಿಷಿಯಲ್‌ಗಳು ಎ.ಎಂ., ಎಂ.ಎಂ., ಜೆ.ಎಂ., ಆರ್.ಎಂ. ಎಂದು ಸಾಲಾಗಿ ನಿಲ್ಲುತ್ತವೆ. ಒಂದು ಅಕ್ಷರ ಆಚೀಚೆಯಾದರೆ ಅಣ್ಣನ ಪದಕ ತಮ್ಮನ ಕೊರಳಿಗೆ ಬೀಳುತ್ತದೆ. ಅಸ್ಪಿ, ಮಿನೂ ಇಬ್ಬರಿಗೂ ಬ್ರಿಟಿಷರ ವೈಮಾನಿಕ ಶೌರ್ಯಪದಕ ಡಿಸ್ಟಿಂಗ್ವಿಷ್ಡ್ ಫ್ಲೈಯಿಂಗ್ ಕ್ರಾಸ್ ಇದೆ, ಮಹಾವೀರ ಚಕ್ರ ಇರುವುದು ಮಿನೂ ಅವರಿಗೆ, 1947-48ರ ಜಮ್ಮು ಕಾಶ್ಮೀರ ಕಾರ್ಯಾಚರಣೆಗಾಗಿ. 1971ರ ಯುದ್ಧದಲ್ಲಿ ಪಶ್ಚಿಮ ವಾಯು ಕಮಾಂಡ್ ಮುನ್ನಡೆಸಿದವರೂ ಮಿನೂ. ವಾಯುಪಡೆಯ ಮುಖ್ಯಸ್ಥರಾದದ್ದು ಅಸ್ಪಿ, 1960ರ ಡಿಸೆಂಬರ್ 1ರಿಂದ 1964ರ ಜುಲೈ 31ರವರೆಗೆ. ಅದಕ್ಕೂ ಮುಂಚೆ ಅವರು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಹೊಣೆ ಹೊತ್ತಿದ್ದರು. ಕನ್ನಡ ಪತ್ರಿಕೆಗಳು ಮೊದಲು ಬರೆಯಬೇಕಾದದ್ದು ಈ ನಂಟನ್ನು. ಯುದ್ಧಕ್ಕೂ ಮೊದಲೇ, 1930ರಲ್ಲಿ, 17ರ ಹರೆಯದಲ್ಲಿ ಅಸ್ಪಿ ಇಂಗ್ಲೆಂಡಿನಿಂದ ಭಾರತಕ್ಕೆ ಒಬ್ಬರೇ ಹಾರಿ ಆಗಾ ಖಾನ್ ಬಹುಮಾನದ 500 ಪೌಂಡ್ ಗೆದ್ದರು. ಎದುರು ದಿಕ್ಕಿನಿಂದ ಹೊರಟಿದ್ದ ಪ್ರತಿಸ್ಪರ್ಧಿ ಜೆ.ಆರ್.ಡಿ. ಟಾಟಾ. ಈಜಿಪ್ಟಿನ ಅಬುಕಿರ್‌ನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲದೆ ನಿಂತಿದ್ದ ಅಸ್ಪಿಗೆ ತಮ್ಮ ಬಳಿಯಿದ್ದ ಪ್ಲಗ್ ಕೊಟ್ಟು ಕಳಿಸಿದವರೂ ಅವರೇ. ಇದನ್ನು ಯುದ್ಧಕಾಲದ ಸಾಹಸವೆಂದು ಬರೆದದ್ದೂ ಉಂಟು. ಅದು ಫ್ಲೈಯಿಂಗ್ ಕ್ಲಬ್‌ಗಳ ಕಾಲದ ಕಥೆ. ವಾಯುಪಡೆಯ ಮೊದಲ ಸ್ಕ್ವಾಡ್ರನ್ ನಾಲ್ಕು ವಾಪಿಟಿ ವಿಮಾನಗಳೊಂದಿಗೆ ಕರಾಚಿಯಲ್ಲಿ ಶುರುವಾದದ್ದೇ 1933ರ ಏಪ್ರಿಲ್ 1ಕ್ಕೆ.

ಬರೆಯುವವರು ಎಡವುವ ಕೆಲವು ಜಾಗಗಳನ್ನು ಇಲ್ಲೇ ಹೇಳಿಬಿಡುತ್ತೇವೆ. ಪೈಲಟ್ ಆಫೀಸರ್ ಎಂಬುದು ಅಧಿಕಾರಿಗಳಲ್ಲಿ ಅತ್ಯಂತ ಕೆಳಗಿನ ದರ್ಜೆ. ವಿಮಾನ ಹಾರಿಸದವರೂ ಆ ದರ್ಜೆಯಲ್ಲಿರುತ್ತಿದ್ದರು, ಸಾರ್ಜೆಂಟ್ ದರ್ಜೆಯವರು ವಿಮಾನ ಹಾರಿಸುತ್ತಿದ್ದರು. ಫ್ಲೈಟ್ ಲೆಫ್ಟಿನೆಂಟ್ ಎಂದರೆ ಭೂಸೇನೆಯ ಕ್ಯಾಪ್ಟನ್‌ಗೆ ಸಮ, ಅದನ್ನು ಬರೀ ‘ಲೆಫ್ಟಿನೆಂಟ್’ ಎಂದು ಮೊಟಕು ಮಾಡಿದರೆ ಒಂದು ಮೆಟ್ಟಿಲು ಇಳಿಸಿದಂತೆ. ವಿಮಾನದ ಮೈಮೇಲೆ ಎರಡು ಬಗೆಯ ಗುರುತು ಇರುತ್ತದೆ. ಹಿಂಭಾಗದಲ್ಲಿ ಸಣ್ಣಗೆ ಇರುವುದು ಕ್ರಮಸಂಖ್ಯೆ, ಅದು ಒಂದೇ ವಿಮಾನಕ್ಕೆ ಸೇರಿದ್ದು. ದೊಡ್ಡ ಅಕ್ಷರಗಳಲ್ಲಿ ಮೊದಲ ಎರಡು ಸ್ಕ್ವಾಡ್ರನ್ನಿನವು, ಮೂರನೆಯದು ಆ ಸ್ಕ್ವಾಡ್ರನ್ ಒಳಗಿನ ವಿಮಾನದ್ದು. ವಿಮಾನ ಬಿದ್ದರೆ ಆ ಅಕ್ಷರ ಮುಂದಿನ ವಿಮಾನಕ್ಕೆ ಹೋಗುತ್ತದೆ. ಆದ್ದರಿಂದ ಫೋಟೋದಲ್ಲಿ ದೊಡ್ಡ ಅಕ್ಷರ ನೋಡಿ ‘ಇದೇ ಆ ವಿಮಾನ’ ಎನ್ನಬಾರದು. ತಾರೀಖು 17/18 ಎಂದಿದ್ದರೆ ಹಾಗೆಯೇ ಇಡಬೇಕು, ಅದು ಒಂದು ರಾತ್ರಿ. ‘ಕಾಣೆ’ ಎಂದಿದ್ದುದನ್ನು ‘ಹುತಾತ್ಮ’ ಎಂದು ತಿದ್ದಬಾರದು. ಆ ಪದವನ್ನು ಹಿಡಿದುಕೊಂಡು ಮನೆಯವರು ತಿಂಗಳುಗಟ್ಟಲೆ ಕಾದಿರುತ್ತಾರೆ.

ಕೊನೆಯದಾಗಿ ಮನೆಗಳಲ್ಲಿರುವ ಪೆಟ್ಟಿಗೆಗಳ ವಿಷಯ. ನಮ್ಮ ನಾಡಿನಲ್ಲೂ ಆ ಯುದ್ಧದಲ್ಲಿ ವಾಯುಪಡೆ ಸೇರಿದವರ ಮನೆಗಳಿವೆ. ಅಲ್ಲಿ ಸಿಗಬಹುದಾದ ಅತ್ಯಂತ ಬೆಲೆಬಾಳುವ ವಸ್ತು ಪೈಲಟ್‌ನ ಲಾಗ್‌ಬುಕ್. ತಾರೀಖು, ವಿಮಾನದ ಮಾದರಿ, ಕ್ರಮಸಂಖ್ಯೆ, ಪೈಲಟ್, ಜೊತೆಗಿದ್ದವರು, ಕೆಲಸ, ಹಗಲಿನ ಗಂಟೆ, ರಾತ್ರಿಯ ಗಂಟೆ ಎಲ್ಲವೂ ಸಾಲುಸಾಲಾಗಿ ಇರುತ್ತವೆ. ಪೈಲಟ್ ಅಂಕಣದಲ್ಲಿ ಬರೆದವರು ತಮ್ಮ ಹೆಸರು ಬರೆಯದೆ ‘ಸೆಲ್ಫ್’ ಎಂದಷ್ಟೇ ಬರೆಯುವುದು ವಾಡಿಕೆ. ಅಣ್ಣ, ತಮ್ಮ ಇಬ್ಬರ ಪುಸ್ತಕವೂ ಒಂದೇ ಟ್ರಂಕಿನಲ್ಲಿದ್ದು ರಟ್ಟಿನ ಮೊದಲ ಪುಟ ಹರಿದುಹೋದರೆ ಯಾರದು ಯಾವುದು ಎಂದು ತಿಳಿಯುವುದಿಲ್ಲ. ಆಗ ತಿಂಗಳ ಕೊನೆಯ ಮೊತ್ತದ ಕೆಳಗೆ ನೋಡಿ, ಸ್ಕ್ವಾಡ್ರನ್ ಹೆಸರು, ಸಹಿಗಳು ಇರುತ್ತವೆ. ಸ್ಕ್ವಾಡ್ರನ್‌ಗಳು ಫಾರ್ಮ್ 540 ಎಂಬ ದಿನಚರಿ ಇಡುತ್ತಿದ್ದವು, ಫಾರ್ಮ್ 541ರಲ್ಲಿ ಒಂದೊಂದು ಹಾರಾಟದ ವಿವರ. ಲಾಗ್‌ಬುಕ್‌ನ ತಾರೀಖು, ವಿಮಾನ ಸಂಖ್ಯೆ ಅದಕ್ಕೆ ತಾಳೆಯಾದರೆ ಮಾಲೀಕ ಸಿಕ್ಕಿದಂತೆ. ಶಾಯಿಯ ಬಣ್ಣಕ್ಕೂ ಅರ್ಥವಿದೆ. ಹಗಲಿನ ಯುದ್ಧ ಹಾರಾಟಕ್ಕೆ ಹಸಿರು, ರಾತ್ರಿಯದಕ್ಕೆ ಕೆಂಪು ಬಳಸಿದವರು ಹಲವರು. ಕಪ್ಪುಬಿಳುಪು ಜೆರಾಕ್ಸ್ ಮಾಡಿ ಮೂಲವನ್ನು ಎಸೆದರೆ ಆ ಮಾಹಿತಿ ಹೋಯಿತು. ಬಣ್ಣದಲ್ಲಿ, ಖಾಲಿ ಪುಟಗಳನ್ನೂ ಸೇರಿಸಿ ಫೋಟೋ ತೆಗೆಯಿರಿ. ಲ್ಯಾಮಿನೇಟ್ ಮಾಡಿಸಬೇಡಿ, ಆ ಬಿಸಿಗೆ ಹಳೆಯ ಕಾಗದ ಹಾಳಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಸೆಲೊಟೇಪ್ ಹಚ್ಚಿದರೆ ಕೆಲವು ವರ್ಷದಲ್ಲಿ ಅಂಟು ಹಳದಿಯಾಗಿ ಶಾಯಿಯನ್ನು ತಿನ್ನುತ್ತದೆ.

ಪದಕಗಳಲ್ಲಿ ಇನ್ನೂ ದೊಡ್ಡ ತೊಡಕಿದೆ. ಎರಡನೆಯ ಮಹಾಯುದ್ಧದ ಸೇವೆಗೆ ಕೊಟ್ಟ ನಕ್ಷತ್ರಾಕಾರದ ಪದಕಗಳನ್ನು (ಸ್ಟಾರ್‌ಗಳನ್ನು) ಬ್ರಿಟನ್ ಹೆಸರು ಕೆತ್ತದೆಯೇ ಹಂಚಿತು. ಭಾರತದಲ್ಲಿ ಹಂಚಿದವುಗಳಲ್ಲಿ ಹೆಸರು ಕೆತ್ತಿದವು ಸಿಗುತ್ತವೆ, ಆದ್ದರಿಂದ ಮೊದಲು ಹಿಂಬದಿ ಮತ್ತು ಅಂಚನ್ನು ಭೂತಗನ್ನಡಿಯಲ್ಲಿ ನೋಡಿ. ಹೆಸರಿಲ್ಲದ ಎರಡು ಸ್ಟಾರ್‌ಗಳು ಒಂದೇ ಡಬ್ಬಿ ಸೇರಿದರೆ ಅಣ್ಣನದು ಯಾವುದು, ತಮ್ಮನದು ಯಾವುದು ಎಂದು ಮುಂದೆ ಯಾರಿಗೂ ಹೇಳಲಾಗದು. ಹೇಳಬಲ್ಲ ಹಿರಿಯರು ಮನೆಯಲ್ಲಿರುವಾಗಲೇ ಬೇರೆ ಬೇರೆ ಲಕೋಟೆಗೆ ಹಾಕಿ, ಲಕೋಟೆಯ ಮೇಲೆ ಪೆನ್ಸಿಲ್‌ನಲ್ಲಿ ಹೆಸರು ಬರೆಯಿರಿ. ಹುಣಸೆಹಣ್ಣು, ಪಾಲಿಶ್ ಹಾಕಿ ಉಜ್ಜಬೇಡಿ, ಕೆತ್ತಿದ ಹೆಸರಿದ್ದರೆ ಅದೇ ಸವೆದುಹೋಗುತ್ತದೆ. ರಿಬ್ಬನ್ ಒಗೆಯಬೇಡಿ.

ನಿಮ್ಮ ಪುರವಣಿಯಲ್ಲಿ ಮುಂದಿನ ಸಲ ಅಣ್ಣತಮ್ಮಂದಿರ ಬರಹ ಬಂದಾಗ ಪಕ್ಕದಲ್ಲಿ ಒಂದು ಸಣ್ಣ ಚೌಕಟ್ಟು ಇರಲಿ. ಒಬ್ಬೊಬ್ಬರಿಗೂ ಒಂದು ಸಾಲು: ಹೆಸರು, ದರ್ಜೆ, ಸ್ಕ್ವಾಡ್ರನ್, ವಿಮಾನ, ತಾರೀಖು, ಅಂದಿನ ಕೆಲಸ, ಜೊತೆಗಿದ್ದವರು. ತುಂಬಲಾಗದ ಜಾಗವನ್ನು ಖಾಲಿ ಬಿಡಿ. ಆ ಖಾಲಿ ಜಾಗವನ್ನು ನೋಡಿ ಯಾವುದೋ ಮನೆಯವರು ಟ್ರಂಕ್ ತೆರೆದು ನಿಮಗೆ ಬರೆಯಬಹುದು.

ಇಂತಿ,
ವಿಮಾನ ಇತಿಹಾಸಾಸಕ್ತ ಓದುಗರು,
ಬೆಂಗಳೂರು